ಗುಂಡಿಯ ಅಳತೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಸಾವಿನ ಪದ್ಯದಲ್ಲಿ ನಗು ಬರಬಾರದೇ? ನೆರೆಮನೆಯ ಮುದುಕ ತೀರಿಕೊಂಡಾಗ ಒಂದು ಪದ್ಯ ಕಟ್ಟಿದೆ. ಹನ್ನೊಂದನೆಯ ದಿನ ಅವರ ಮನೆಯಲ್ಲೇ ಓದಿದೆ. ಕೂತವರೆಲ್ಲ ನಕ್ಕರು. ಅವನ ಹೆಂಡತಿ ಮಾತ್ರ ಎದ್ದು ಒಳಗೆ ಹೋದಳು. ನಗಿಸಿದ ಸಾಲುಗಳನ್ನು ಹೊಡೆದುಹಾಕಲೇ?"

ಗುರು ಹೇಳಿದ:

ಒಂದೂರಿನಲ್ಲಿ ಸತ್ತವರಿಗೆ ಗುಂಡಿ ತೋಡುವವನೊಬ್ಬನಿದ್ದ. ಪದ ಕಟ್ಟುವುದೂ ಅವನಿಗೆ ಬರುತ್ತಿತ್ತು. ಗುಂಡಿ ಮುಗಿದ ಮೇಲೆ ಮೊದಲು ತಾನೇ ಅದರಲ್ಲಿ ಮಲಗಿ ನೋಡುತ್ತಿದ್ದ. ಮಲಗಿದಲ್ಲಿಂದಲೇ ಒಂದು ಪದ ಹೇಳಿ ಮೇಲೇಳುತ್ತಿದ್ದ. ಊರಗೌಡ ಸತ್ತ ದಿನ ಹೇಳಿದ್ದು ಇದು:

"ಕಾಲು ಚಾಚಲು ಜಾಗವುಂಟು ಗೌಡ,
ಕಾಲ ಮೇಲೆ ಕಾಲು ಹಾಕಲು ಇಲ್ಲ ನೋಡ."

ಗೌಡನ ಮಕ್ಕಳೂ ಕಣ್ಣೊರೆಸಿಕೊಂಡು ನಕ್ಕಿದ್ದರು.

ಒಂದು ಮಧ್ಯಾಹ್ನ ನೇಕಾರನೊಬ್ಬ, ಜ್ವರದಿಂದ ಸತ್ತ ನಾಲ್ಕು ವರ್ಷದ ಮಗನನ್ನು ಎದೆಗೆ ಅವಚಿಕೊಂಡು ಬಂದ. ಬಂದವನು ಮಗುವನ್ನು ಕೆಳಗಿಡಲಿಲ್ಲ. ನೆಂಟರು ಬೇಡಿದರು, ಗದರಿದರು. ಅವನ ಕೈ ಸಡಿಲವಾಗಲಿಲ್ಲ. ಹೊತ್ತು ವಾಲಿತು.

ಒಬ್ಬ ಹಿರಿಯ ಗುಂಡಿ ನೋಡಿ ಸಿಡುಕಿದ: "ಏನೋ ಇದು? ಗೇಣುದ್ದದ ಕೂಸಿಗೆ ಆಳುದ್ದದ ಗುಂಡಿಯೇ?"

"ಚಿಕ್ಕದಾದರೆ ನಾನು ಹಿಡಿಸುವುದಿಲ್ಲವಲ್ಲ, ಯಜಮಾನರೇ," ಎಂದು ಗುಂಡಿ ತೋಡುವವನು ಒಳಗಿಳಿದು ಮಲಗಿದ. ಪದ ಹೇಳಲಿಲ್ಲ. ಬೆನ್ನಡಿಯಿಂದ ಒಂದು ಕಲ್ಲು ತೆಗೆದು ಹೊರಗೆಸೆದ. ಆಮೇಲೆ ಕೇಳಿದ:

"ಅಣ್ಣಾ, ಮಗ ನಿದ್ದೆಯಲ್ಲಿ ಹೊರಳುತ್ತಿದ್ದನೇ?"

ನೇಕಾರ ಬಂದಾಗಿನಿಂದ ಮೊದಲ ಬಾರಿ ಬಾಯಿ ತೆರೆದ. "ಹೊರಳುವುದೇ? ಒದ್ದು ಒದ್ದು ನನ್ನನ್ನು ಚಾಪೆಯಿಂದಲೇ ಆಚೆ ಹಾಕುತ್ತಿದ್ದ, ಕಳ್ಳ."

ಗುಂಡಿಯಿಂದ ಪದ ಬಂತು:

"ಹಾಗಾದರೆ ಅಳತೆ ಸರಿಯಾಗಿದೆ,
ಇವತ್ತು ಪೂರಾ ಚಾಪೆ ಅವನದೇ."

ನೇಕಾರ ನಕ್ಕುಬಿಟ್ಟ. ನಗು ಅರ್ಧದಲ್ಲೇ ಅಳುವಾಯಿತು. ಅಳುತ್ತಲೇ ಬಗ್ಗಿ ಮಗುವನ್ನು ನೀಡಿದ. ಒಳಗಿದ್ದವನು ಎದ್ದು ಕೂತು ಎರಡೂ ಕೈಯಲ್ಲಿ ತೆಗೆದುಕೊಂಡ.

ಶಿಷ್ಯನ ಮುಖ ಅರಳಿತು. "ಹಾಗಾದರೆ ನಗು ಇರಬಹುದು. ನನ್ನ ಸಾಲುಗಳನ್ನು ಉಳಿಸಿಕೊಳ್ಳುತ್ತೇನೆ."

ಗುರು ಕೇಳಿದ: "ಅವನ್ನು ಬರೆಯುವಾಗ ನೀನು ಗುಂಡಿಯೊಳಗೆ ಮಲಗಿದ್ದೆಯೋ, ದಡದ ಮೇಲೆ ನಿಂತಿದ್ದೆಯೋ?"