ಇನ್ನೂರು ರೂಪಾಯಿಯ ಹಸಿವು

ಟೈಲರ್ ಹಾಲಮ್ಮ ಮಸಾಲೆ ದೋಸೆ ತಿಂದು ಗಲ್ಲಾದ ಮುಂದೆ ಕಾರ್ಡ್ ಚಾಚಿದಳು. ಕೈಯಲ್ಲಿ ಕಾಸಿರಲಿಲ್ಲ. ಹೋಟೆಲ್ ಯಜಮಾನ ಮುರಿಗೆಪ್ಪ ತಲೆಯನ್ನೂ ಎತ್ತಲಿಲ್ಲ.

"ಇನ್ನೂರು ರೂಪಾಯಿ ಆಗದೆ ಕಾರ್ಡ್ ಉಜ್ಜಲ್ಲ. ಬೋರ್ಡ್ ಓದಮ್ಮ."

"ಸರಿ, ಮಿಕ್ಕಿದ್ದಕ್ಕೂ ತಿಂತೀನಿ ಬಿಡಿ," ಎಂದು ಹಾಲಮ್ಮ ವಾಪಸ್ ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ಚೀಲದಿಂದ ಬ್ಲೌಸ್ ತೆಗೆದು ಹುಕ್ಸ್ ಹೊಲಿಯತೊಡಗಿದಳು.

ಅವತ್ತು ಭಾನುವಾರ. ಜಾಗಕ್ಕಾಗಿ ಜನ ಬಾಗಿಲವರೆಗೂ ನಿಂತಿದ್ದರು. ಕೊನೆಗೆ ಯಜಮಾನನೇ ಎದ್ದು ಬಂದ.

"ಏನು ತರಿಸಲಮ್ಮ?"

"ಹಸಿವಾಗ್ಲಿ, ಹೇಳ್ತೀನಿ."

"ಯಾವಾಗ ಆಗುತ್ತೆ?"

"ಒಂದು ದೋಸೆ ತಿಂದ್ರೆ ಸಂಜೆವರೆಗೂ ಹಸಿವಿಲ್ಲ ಅಂತ ಆ ಇನ್ನೊಂದು ಬೋರ್ಡಲ್ಲಿ ನೀವೇ ಬರೆಸಿದ್ದೀರಲ್ಲ, ಯಜಮಾನ್ರೇ!"

ಮುರಿಗೆಪ್ಪ ಓಡಿಹೋಗಿ ಮೆಷಿನ್ ತಂದು, ಅವಳು ಕೂತಲ್ಲೇ ದೋಸೆಯ ದುಡ್ಡಿಗೆ ಕಾರ್ಡ್ ಉಜ್ಜಿದ.

"ಇನ್ನಾದ್ರೂ ಏಳಮ್ಮ!"

"ಇರಿ, ಇನ್ನೊಂದೇ ಹುಕ್ಸ್ ಇದೆ."