ಒಲೆ ಆರಿಸುವ ಸನಾದಿ

ಮನೆಗೊಂದು ಟಿ.ವಿ. ಇರಲಿ, ಊರಿಗೊಂದೂ ಇರದ ಕಾಲವದು. ಹಳ್ಳದ ಆಚೆ ದಂಡೆಗೆ ಎರೆಹಾಳ ಅಂತ ಒಂದು ಊರು. ಆ ಊರಿನಲ್ಲಿ ಅಂದಾನಪ್ಪ ಅಂತ ಒಬ್ಬ ಪೇಟಿ ಮಾಸ್ತರ ಇದ್ದನಂತೆ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಅವನು ಪೇಟಿಯ ಮೇಲೆ ಕೈ ಇಟ್ಟರೆ ಅಳುವ ಕೂಸು ಸುಮ್ಮನಾಗುತ್ತಿತ್ತಂತೆ, ಒದೆಯುವ ಎಮ್ಮೆ ನಿಂತು ಹಾಲು ಕೊಡುತ್ತಿತ್ತಂತೆ. ಕೂಸಿನ ಮಾತು ನಿಜವಿದ್ದೀತು. ಎಮ್ಮೆ ಆಮೇಲೆ ಸೇರಿಕೊಂಡದ್ದು.

ಅಂದಾನಪ್ಪ ಮೊದಲು ನಾಟಕ ಕಂಪನಿಯಲ್ಲಿದ್ದ. ಪೇಟಿ ಮಾಸ್ತರನ ಜಾಗ ರಂಗದ ಕೆಳಗೆ, ಮುಂದಿನ ತಗ್ಗಿನಲ್ಲಿ. ಅಲ್ಲಿ ಕೂತವನ ಕಣ್ಣಿಗೆ ನೇರವಾಗಿ ಬೀಳುವುದು ನಟರ ಕಾಲು. ಹೀಗಾಗಿ ಯಾರು ಅಳುವವರಿದ್ದಾರೆ, ಯಾರು ಮಾತು ಮರೆತಿದ್ದಾರೆ ಎಂಬುದೆಲ್ಲ ಅವನಿಗೆ ಕಾಲಿನಿಂದಲೇ ತಿಳಿಯುತ್ತಿತ್ತಂತೆ. ಕಂಪನಿ ಮುರಿದ ಮೇಲೆ ಅವನು ಪಟ್ಟಣ ಸೇರಿ, ಟಿ.ವಿ. ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಕಟ್ಟುವ ಕೆಲಸಕ್ಕೆ ನಿಂತ. ಅಲ್ಲಿಯೂ ಚಾಳಿ ಬಿಡಲಿಲ್ಲ. ನಿರ್ದೇಶಕ ಪರದೆಯ ತುಂಬ ನಾಯಕಿಯ ಮುಖ ತೋರಿಸಿದರೆ, ಇವನು ಬಗ್ಗಿ ನೋಡುತ್ತಿದ್ದನಂತೆ.

"ಕಾಲು ಎಲ್ಲಿ ಅದಾವ್ರಿ?"

"ಕಾಲು ಚಿತ್ರೀಕರಿಸಿಲ್ಲ ಮಾಸ್ತರೇ. ಮುಖ ಸಾಕು."

"ಮುಖಕ್ಕ ಬಣ್ಣ ಹಚ್ಚೀರಿ. ಕಾಲಿಗೆ ಹಚ್ಚಿರೂದಿಲ್ಲಲ್ಲ, ಅದಕ್ಕ ಕೇಳಿದೆ."

ಅವನ ಇನ್ನೊಂದು ರೀತಿಯನ್ನು ಈಗಲೂ ಹೇಳುತ್ತಾರೆ. ಪಿಟೀಲು, ತಬಲಾ, ಕೊಳಲು ಎಲ್ಲವನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ, ಆಮೇಲೆ ಒಂದನ್ನು ಏರಿಸಿ ಒಂದನ್ನು ಇಳಿಸಿ ಕೂಡಿಸುವುದು ಆ ಕೆಲಸದ ಮುಖ್ಯ ಭಾಗ. ಅದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಅಂದಾನಪ್ಪ ಸ್ಟುಡಿಯೋದ ದೊಡ್ಡ ಸ್ಪೀಕರುಗಳನ್ನು ಬಂದ್ ಮಾಡಿಸಿ, ಹಳೆಯದೊಂದು ಸಣ್ಣ ಟಿ.ವಿ. ಪೆಟ್ಟಿಗೆಯಿಂದ ದನಿ ಕೇಳುತ್ತಿದ್ದನಂತೆ. ಜನ ಕೇಳುವುದು ಇದರಲ್ಲೇ ಅಲ್ಲವೇ ಎನ್ನುತ್ತಿದ್ದ. ಅವನು ದನಿಗಳಿಗೆ ಹೆಚ್ಚು ಕಡಿಮೆ ಎಂದು ಹೇಳಿದವನಲ್ಲ. "ಪಿಟೀಲು ಅಡಿಗಿ ಮನಿಗೆ ಹೋಗ್ಲಿ. ತಬಲಾ ಪಡಸಾಲ್ಯಾಗ ಕುಂದರ್ಲಿ. ಕೊಳಲು ಬಾಗಿಲ ಹೊರಗ ನಿಂದರ್ಲಿ" ಎನ್ನುತ್ತಿದ್ದ. ಮಿಕ್ಸಿಂಗ್ ಮೇಜಿನ ಮುಂದೆ ಕೂತವರು ಮೊದಮೊದಲು ನಕ್ಕರು. ಕ್ರಮೇಣ ಅವರೂ ಹಾಗೇ ಮಾತಾಡತೊಡಗಿದರು.

ಈಗ ಎರೆಹಾಳದ ಒಂದು ಪದ್ಧತಿ ಹೇಳಬೇಕು. ಆ ಊರಲ್ಲಿ ಯಾರಾದರೂ ಸತ್ತರೆ ಮನೆಮನೆಗೆ ಹೋಗಿ ಹೇಳುವ ರೂಢಿ ಇರಲಿಲ್ಲ. ಊರಿನ ವಾದ್ಯದವನಾದ ಯಮನಪ್ಪ ಭಜಂತ್ರಿ ಊರಬಾಗಿಲಿನ, ಅಂದರೆ ಅಗಸಿಯ, ಕಟ್ಟೆಯ ಮೇಲೆ ಕೂತು ಸನಾದಿ ಊದುತ್ತಿದ್ದ. ಮದುವೆಯಲ್ಲಿ ಊದುವ ಅದೇ ಸನಾದಿ, ಆದರೆ ನಾದ ಬೇರೆ. ಅದು ಕಿವಿಗೆ ಬಿದ್ದೊಡನೆ ಪ್ರತಿ ಮನೆಯವರೂ ಒಲೆಗೆ ನೀರು ಹಾಕಿ ಹೊರಗೆ ಬರುತ್ತಿದ್ದರು. ಮಣ್ಣು ಕೊಟ್ಟು ಬರುವ ತನಕ ಊರಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಹೋದವರು ಗೌಡರಿರಲಿ, ಕೂಲಿಯವರಿರಲಿ, ಒಲೆ ಎಲ್ಲರಿಗೂ ಆರುತ್ತಿತ್ತು. ಆ ನಾದವನ್ನು ಸಾವಿಲ್ಲದೆ ಯಾರೂ ಊದುವಂತಿರಲಿಲ್ಲ. ಕಲಿಯುವವರು ಕೂಡ ಉಸಿರು ಬಿಡದೆ, ತೂತುಗಳ ಮೇಲೆ ಬರೀ ಬೆರಳಾಡಿಸಿ ಕಲಿಯಬೇಕಿತ್ತಂತೆ.

ಒಮ್ಮೆ ಧಾರಾವಾಹಿಯಲ್ಲಿ ಮನೆಯ ಹಿರಿಯ ಸಾಯುವ ದೃಶ್ಯ ಬಂತು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಡುವಂಥದ್ದು ಏನಾದರೂ ಬೇಕು ಎಂದ ನಿರ್ದೇಶಕ. ಅಂದಾನಪ್ಪ ಏನೇನೋ ಕಟ್ಟಿದ, ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಊರಿನ ಆ ನಾದವನ್ನು ಪಟ್ಟಣದ ವಾದಕನೊಬ್ಬನಿಗೆ ಹಾಡಿ ತೋರಿಸಿ ಊದಿಸಿದ. ಪಟ್ಟಣದಲ್ಲಿ ಅದರ ಗುರುತು ಯಾರಿಗಿದೆ ಅಂದುಕೊಂಡ. ಊರಿಗಂತೂ ಟಿ.ವಿ. ಬಂದಿರಲಿಲ್ಲ. ಮಿಕ್ಸಿಂಗಿಗೆ ಕೂತಾಗ, "ಸನಾದಿ ಮನಿ ಒಳಗ ಬ್ಯಾಡ. ಎರಡು ಓಣಿ ದಾಟಿ, ಅಗಸಿ ಕಡಿಂದ ಬರ್ಲಿ" ಎಂದ. ಹಾಗೇ ಬಂತು. ಅದನ್ನು ಕೇಳಿ ನಿರ್ದೇಶಕ ಅತ್ತನೆಂದು ಎರೆಹಾಳದವರು ಹೇಳುತ್ತಾರೆ. ಅವನಿಗೆ ಅಂದು ನೆಗಡಿಯಾಗಿತ್ತು ಎಂದು ಸ್ಟುಡಿಯೋದವರು ಹೇಳುತ್ತಿದ್ದರಂತೆ.

ಆ ದೃಶ್ಯ ಪ್ರಸಾರವಾಗುವ ಹೊತ್ತಿಗೆ ಎರೆಹಾಳದ ಹೋಟೆಲಿನ ಗಿರಿಮಲ್ಲಪ್ಪ ಟಿ.ವಿ. ತಂದಿದ್ದ. ಹೋಟೆಲು ಇದ್ದದ್ದು ಅಗಸಿಯ ಮಗ್ಗುಲಲ್ಲೇ. ಗಿರಾಕಿ ಬರಲಿ ಅಂತ ದನಿ ಪೂರ್ತಿ ಏರಿಸಿ ಇಡುತ್ತಿದ್ದ. ಸಂಜೆ ಎಲ್ಲ ಮನೆಗಳಲ್ಲೂ ರೊಟ್ಟಿ ಬಡಿಯುವ ಹೊತ್ತು. ಆ ನಾದ ಎದ್ದಿತು. ಓಣಿ ಓಣಿಗಳಲ್ಲಿ ಒಲೆಗೆ ನೀರು ಬಿತ್ತು. ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೇ ಉಳಿಯಿತು. ಜನ ಹೊರಗೆ ಬಂದು, ಯಾರು, ಯಾರು ಎಂದು ಒಬ್ಬರನ್ನೊಬ್ಬರು ಕೇಳಿದರು. ಜಡ್ಡು ಬಿದ್ದ ಮುದುಕರಿದ್ದ ಮನೆಗಳಿಗೆ ಹೋಗಿ ಇಣುಕಿದರು. ಮುದುಕರೆಲ್ಲ ಇದ್ದರು, ಇಣುಕಿದವರನ್ನು ಬೈದರು. ಕೊನೆಗೆ ಯಮನಪ್ಪನ ಮನೆಗೇ ಹೋದರು. ಯಮನಪ್ಪ ತಲೆಬಾಗಿಲಲ್ಲಿ ನಿಂತಿದ್ದ. ಸನಾದಿ ಅವನ ಹಿಂದೆ ಗೂಟಕ್ಕೆ ತೂಗುಬಿದ್ದಿತ್ತು.

"ನಾ ಊದಿಲ್ಲ" ಎಂದನಂತೆ. "ನಾನೂ ಕೇಳಿದೆ. ನಮ್ಮ ಒಲಿಗೂ ನೀರು ಹಾಕೀವಿ."

ಊದುವವನೇ ಊದಿಲ್ಲ ಎಂದ ಮೇಲೆ ಜನಕ್ಕೆ ಅಂಜಿಕೆ ಹತ್ತಿತು. ಅಷ್ಟರಲ್ಲಿ ಹೋಟೆಲಿನ ಕಡೆಯಿಂದ ಬಂದವರು ಸಂಗತಿ ಹೇಳಿದರು. ಕೆಲವರು ನಕ್ಕರು, ಕೆಲವರು ಗಿರಿಮಲ್ಲಪ್ಪನನ್ನು ಹುಡುಕಿದರು. ಪಕ್ಕದ ಓಣಿಯ ನೀಲವ್ವ ಸೊಂಟಕ್ಕೆ ಕೈ ಇಟ್ಟು, "ಟೀವ್ಯಾಗಿನ ಮುದುಕಗ ಮಣ್ಣು ಯಾವಾಗ ಕೊಡ್ತೀರಪಾ? ಮನ್ಯಾಗಿನ ಮುದುಕ ಉಪಾಸ ಕುಂತಾನ" ಎಂದದ್ದು ಇವತ್ತಿಗೂ ಊರಲ್ಲಿ ಓಡಾಡುವ ಮಾತು.

ನಗೆ ಅಲ್ಲಿಗೇ ಮುಗಿದಿದ್ದರೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಆದರೆ ನಾದ ಜನಪ್ರಿಯವಾಯಿತು. ಧಾರಾವಾಹಿಯಲ್ಲಿ ಯಾರು ಅತ್ತರೂ ಅದನ್ನೇ ಹಾಕತೊಡಗಿದರು. ಎರೆಹಾಳದವರ ಕಿವಿ ಅದಕ್ಕೆ ಒಗ್ಗಿತು. ಸನಾದಿ ಕೇಳಿದರೆ, "ಹೋಟೆಲಿನ್ಯಾಗ ಅಳಾಕ ಹತ್ಯಾರ" ಎಂದು ಹೇಳಿ ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಿದ್ದರು.

ಹೀಗಿರುವಾಗ ಯಮನಪ್ಪನ ಹೆಂಡತಿ ದ್ಯಾಮವ್ವ ತೀರಿಕೊಂಡಳು. ಅಂದೂ ಸಂಜೆಯೇ. ಯಮನಪ್ಪ ತಾನೇ ಕಟ್ಟೆಗೆ ಬಂದು ಕೂತು ಊದಿದ. ಯಾರೂ ಬರಲಿಲ್ಲ. ಮತ್ತೊಮ್ಮೆ ಊದಿದ. ಛಾವಣಿಗಳ ಮೇಲೆ ಹೊಗೆ ಏಳುತ್ತಲೇ ಇತ್ತು. ರೊಟ್ಟಿ ಬಡಿಯುವ ಸಪ್ಪಳ ಕಟ್ಟೆಯ ತನಕ ಕೇಳುತ್ತಿತ್ತು. ಊರಿನವರ ಸಾವಿಗೆಲ್ಲ ಒಲೆ ಆರಿಸಿದವನ ಹೆಂಡತಿಗೆ ಊರಿನ ಒಲೆ ಆರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಜನ ಓಡಿಬಂದರು ನಿಜ. ಆದರೆ ಉಂಡ ಕೈ ತೊಳೆದುಕೊಂಡು ಬಂದರು.

ಸುದ್ದಿ ಕೇಳಿ ಅಂದಾನಪ್ಪ ಊರಿಗೆ ಬಂದ. ಜನ ಬಯ್ಯುತ್ತಾರೆ ಎಂದುಕೊಂಡೇ ಬಸ್ಸಿಳಿದಿದ್ದ. ಯಾರೂ ಬಯ್ಯಲಿಲ್ಲ. ಚಹಾ ಕುಡಿಯುತ್ತೀಯಾ ಎಂದು ಕೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತಂತೆ. ಯಮನಪ್ಪನ ಮುಂದೆ ಕೂತ.

"ಹೊಸಾದೊಂದು ನಾದ ಕಟ್ಟಿಕೊಡ್ತೀನಿ ಕಾಕಾ" ಎಂದ ಅಂದಾನಪ್ಪ. "ಇನ್ನ ಮ್ಯಾಲ ಅದನ್ನ ಊದು."

"ಇದು ನಮ್ಮಪ್ಪಂದು, ಅವರಪ್ಪಂದು. ಸತ್ತವರಿಗೆ ಇದರ ಗುರುತೈತಿ" ಎಂದ ಯಮನಪ್ಪ. "ನಿಂದು ನೀ ಬದಲು ಮಾಡ್ಕೋ ಮಾಸ್ತರ. ಇನ್ನ ನಾನಂತೂ ಊದೂದಿಲ್ಲ. ಕೇಳದ ಊರಿಗೆ ಏನಂತ ಊದ್ಲಿ?"

ಅಂದಾನಪ್ಪ ಪಟ್ಟಣಕ್ಕೆ ಹೋಗಿ ಆ ನಾದ ತೆಗೆಯುತ್ತೇನೆಂದ. ನಿರ್ಮಾಪಕ ಒಪ್ಪಲಿಲ್ಲ. ಜನ ಮೆಚ್ಚಿದ್ದನ್ನು ತೆಗೆಯುವವನನ್ನು ತಾನು ಈವರೆಗೆ ಕಂಡಿಲ್ಲ, ಅದಕ್ಕಿಂತ ಚೆನ್ನಾಗಿರುವುದನ್ನು ತಂದರೆ ನೋಡೋಣ, ಇಲ್ಲವಾದರೆ ಅವನು ಬೇರೆ ಕೆಲಸ ನೋಡಿಕೊಳ್ಳಲಿ ಎಂದನಂತೆ. ಅಂದಾನಪ್ಪ ಅನ್ನ ನೀರು ಬಿಟ್ಟು ಕೂತ ಅಂತ ಕೆಲವರು ಹೇಳುತ್ತಾರೆ. ಅನ್ನ ಬಿಟ್ಟಿದ್ದರೂ ಬಿಟ್ಟಿರಬಹುದು. ಚಹಾ ಬಿಟ್ಟಿರಲಿಲ್ಲ ಎಂದು ಅವನ ಜೊತೆ ಕೆಲಸ ಮಾಡಿದವರೇ ಹೇಳಿದ್ದಾರೆ.

ಬಹಳ ದಿನ ಏನೂ ಹೊಳೆಯಲಿಲ್ಲ. ಒಂದು ದಿನ ಪೇಟಿಯ ತಿದಿ ಬಿಚ್ಚಿ, ಸ್ವರದ ಒಂದು ಮನೆಯನ್ನೂ ಒತ್ತದೆ ಸುಮ್ಮನೆ ಗಾಳಿ ಹಾಕಿದ. ಪೇಟಿ ಸ್ವರವಿಲ್ಲದೆ ಉಸಿರಾಡಿತು. ಅದನ್ನೇ ಧ್ವನಿಮುದ್ರಿಸಿದ. ಕೆಳಗೆ ಒಂದೇ ತಂತಿಯನ್ನು ಮಂದ್ರದಲ್ಲಿ ಹಿಡಿಸಿದ. "ಉಸಿರು ಹಾಸಿಗಿ ಹತ್ರ ಇರ್ಲಿ. ತಂತಿ ನೆಲದ ಕೆಳಗಿರ್ಲಿ" ಎಂದ. ಸಣ್ಣ ಪೆಟ್ಟಿಗೆಯಲ್ಲಿ ಅದನ್ನು ಕೇಳಿಸಿದಾಗ, ನಿರ್ಮಾಪಕ ತನಗರಿವಿಲ್ಲದೆ ತಾನೂ ಉಸಿರು ಹಿಡಿದು ಕೂತನಂತೆ. ಅಂದಿನಿಂದ ಧಾರಾವಾಹಿಯಲ್ಲಿ ಸನಾದಿ ನಿಂತಿತು.

ಆದರೆ ಊರಿನ ಕಿವಿ ತಿರುಗಲಿಲ್ಲ. ಹಳೆಯ ಕಂತುಗಳು ಆಗಾಗ ಮತ್ತೆ ಬರುತ್ತಿದ್ದವು. ಬರಬರುತ್ತ ಮನೆಗಳಿಗೂ ಟಿ.ವಿ. ಬಂತು. ಯಮನಪ್ಪ ಗೂಟದಿಂದ ಸನಾದಿ ಇಳಿಸಲೇ ಇಲ್ಲ. ಸತ್ತರೆ ಯಾರೋ ಒಬ್ಬರು ಮನೆಮನೆಗೆ ಹೋಗಿ ಹೇಳಿ ಬರುವಂತಾಯಿತು. ಕೆಲವು ಮನೆಗಳು ಬಿಟ್ಟುಹೋಗುತ್ತಿದ್ದವು. ಅವು ಗೌಡರ ಮನೆಗಳಾಗಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಯಮನಪ್ಪನೇ ಹಾಸಿಗೆ ಹಿಡಿದ. ಅಂದಾನಪ್ಪ ಕೆಲಸಕ್ಕೆ ರಜೆ ಹಾಕಿ ಬಂದು ಪಕ್ಕದಲ್ಲಿ ಕೂತ. ಒಂದು ಸಂಜೆ ಯಮನಪ್ಪ ಹೋದ. ಅವನ ಅಣ್ಣನ ಮಗ ದುರ್ಗಪ್ಪ ಅದೇ ಮೊದಲ ಸಲ ಆ ನಾದಕ್ಕೆ ಉಸಿರು ಕೊಡಬೇಕಿತ್ತು. "ಊದ್ತೀನಿ. ಕೇಳೋರು ಯಾರು?" ಎಂದ. ಅಂದಾನಪ್ಪ ಅವನಿಗೆ ನೀ ಊದು ಎಂದಷ್ಟೇ ಹೇಳಿದ.

ದುರ್ಗಪ್ಪ ಊದಿದ. ಹೊಗೆ ಏಳುತ್ತಲೇ ಇತ್ತು. ಅಂದಾನಪ್ಪ ಕಟ್ಟೆಯಿಂದಿಳಿದು ಮೊದಲು ಸಿಕ್ಕ ಮನೆಗೆ ನೇರವಾಗಿ ನುಗ್ಗಿದ. ಅದು ನೀಲವ್ವನ ಮನೆ. ಟಿ.ವಿ. ಹತ್ತಿತ್ತು. ಅವನು ಒಂದು ಮಾತೂ ಆಡದೆ ಅದರ ದನಿ ಪೂರ್ತಿ ಇಳಿಸಿದ. ಬಯ್ಯಲು ಎದ್ದ ನೀಲವ್ವನ ಬಾಯಿ ಅರ್ಧಕ್ಕೇ ನಿಂತಿತು. ಟಿ.ವಿ. ಮೂಕವಾಗಿತ್ತು. ಸನಾದಿ ಇನ್ನೂ ಕೇಳುತ್ತಿತ್ತು.

"ಯಾರಪಾ?" ಎಂದಳು.

"ಯಮನಪ್ಪ ಕಾಕಾ."

ನೀಲವ್ವ ಕೊಡವನ್ನೇ ಎತ್ತಿ ಒಲೆಗೆ ಸುರಿದಳು. ಅವನು ಮುಂದಿನ ಮನೆಗೆ ಹೋದ, ಅದರ ಮುಂದಿನ ಮನೆಗೆ ಹೋದ. ಆ ಸಂಜೆ ಮಾಸ್ತರ ಊರಿನ ಎಲ್ಲ ಮನೆಗೂ ಹೋದ ಅಂತ ಹೇಳುತ್ತಾರೆ. ಅದು ಆಗುವ ಮಾತಲ್ಲ. ಅವನು ಎರಡನೆಯ ಓಣಿಗೆ ತಿರುಗುವಷ್ಟರಲ್ಲಿ ನೀಲವ್ವ ಮೂರನೆಯ ಓಣಿಯಲ್ಲಿದ್ದಳು, ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರಿದ್ದರು. ಮನೆಗಳ ದನಿ ಒಂದೊಂದಾಗಿ ಅಡಗುತ್ತಾ ಹೋದಂತೆ ಸನಾದಿ ತಾನಾಗಿ ಏರಿತು. ಅದನ್ನು ಯಾರೂ ಏರಿಸಲಿಲ್ಲ. ಕತ್ತಲಾಗುವ ಮೊದಲು ಎರೆಹಾಳದಲ್ಲಿ ಒಂದು ಛಾವಣಿಯ ಮೇಲೂ ಹೊಗೆ ಇರಲಿಲ್ಲವಂತೆ. ಯಮನಪ್ಪನ ಹಿಂದೆ ಊರಿಗೆ ಊರೇ ಉಣ್ಣದೆ ನಡೆಯಿತು.

ಅಂದಾನಪ್ಪ ಮಾಸ್ತರ ಹೋಗಿಯೂ ಬಹಳ ಕಾಲವಾಯಿತು. ಈಗ ಊದುವವನು ದುರ್ಗಪ್ಪನ ಮಗ. ಎರೆಹಾಳದಲ್ಲಿ ಇವತ್ತಿಗೂ ಎಲ್ಲಿಂದಲಾದರೂ ಸನಾದಿ ಕೇಳಿದರೆ, ಮನೆಯಲ್ಲಿ ಹತ್ತಿರ ಇದ್ದವರು ಮೊದಲು ಟಿ.ವಿ.ಯ ದನಿ ಪೂರ್ತಿ ಇಳಿಸುತ್ತಾರೆ. ಇದಕ್ಕೆ ಆ ಊರಲ್ಲಿ ಮಾಸ್ತರನ ಕೈ ಎನ್ನುತ್ತಾರೆ. ಹೊಸದಾಗಿ ಬಂದ ಸೊಸೆಯರಿಗೂ ಕಲಿಸುತ್ತಾರೆ. ಸನಾದಿ ನಿಂತರೆ ದನಿ ಮತ್ತೆ ಏರಿಸುತ್ತಾರೆ, ಒಗ್ಗರಣೆ ಮುಂದುವರಿಯುತ್ತದೆ. ನಿಲ್ಲದಿದ್ದರೆ ಗ್ಯಾಸು ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಯಾರು ಎಂದು ಕೇಳುತ್ತಾರೆ.