ನಿನ್ನೆ ಬಂದವನು

"ಗುರುಗಳೇ, ಇಲ್ಲಿ ಮೈ ಮುರಿಯುವ ಕೆಲಸವೇನೂ ಇಲ್ಲ. ಆದರೂ ನನಗೇಕೆ ಇಷ್ಟು ದಣಿವು?" ಎಂದು ಶಿಷ್ಯನೊಬ್ಬ ಕೇಳಿದ. ಮಠ ಸೇರಿ ವರ್ಷಗಳೇ ಕಳೆದಿದ್ದರೂ ಅವನು ದೀಕ್ಷೆ ಪಡೆದಿರಲಿಲ್ಲ. ಕೆಲವು ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದ, ಮತ್ತೆ ಬರುತ್ತಿದ್ದ. ಅಂದೂ ಊರಿನಿಂದಲೇ ಬಂದಿದ್ದ.

ಗುರುಗಳಿಗೂ ಇಂಥ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಆದರೂ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ವ್ಯಾಪಾರ ಕುದುರಲೆಂದು ಹೆಂಡತಿಯೊಡನೆ ನೆರೆಯ ರಾಜ್ಯದ ಒಂದು ಪಟ್ಟಣಕ್ಕೆ ಬಂದು ನೆಲೆಸಿದ. ಬಂದದ್ದು ತನ್ನ ಕಾರಿನಲ್ಲಿ. ಹೀಗೆ ನೆಲೆಸಿದವರು ಕಾರನ್ನು ಹೊಸ ರಾಜ್ಯದಲ್ಲಿ ಮತ್ತೆ ನೋಂದಾಯಿಸಬೇಕು. ಹಳೆಯ ಕಚೇರಿಯಿಂದ ತಕರಾರಿಲ್ಲವೆಂಬ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ನಂಬರ್ ಪ್ಲೇಟು ಬದಲಿಸಬೇಕು. ವರ್ತಕ ಒಂದು ದಿನ ಹೋಗಿ ಸಾಲಿನಲ್ಲಿ ನಿಂತ. ಮಧ್ಯಾಹ್ನದವರೆಗೆ ನಿಂತ ಮೇಲೆ, ಇನ್ನೊಂದು ಕಾಗದ ಬೇಕು, ನಾಳೆ ಬನ್ನಿ ಎಂದರು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವನ ಪಕ್ಕದ ಅಂಗಡಿಯವನೊಬ್ಬನಿದ್ದ. ಸರಕಾರ ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವ ಆಸಾಮಿ. "ಹೊಸದಾಗಿ ಬಂದ ಗಾಡಿಯನ್ನ ಯಾರೂ ಕೇಳೋದಿಲ್ಲ. ಆಗಾಗ ಗಡಿ ದಾಟಿ ಬನ್ನಿ, ಟೋಲಿನ ಚೀಟಿ ಜೇಬಲ್ಲಿರಲಿ. ಹಿಡಿದರೆ, ನಿನ್ನೆ ಬಂದೆ ಅಂದುಬಿಡಿ" ಎಂದು ಅವನು ಉಪಾಯ ಹೇಳಿಕೊಟ್ಟ.

ವರ್ತಕ ಹಾಗೆಯೇ ಮಾಡಿದ. ಚೀಟಿ ಹಳೆಯದಾದಾಗಲೆಲ್ಲ ಗಡಿಯ ಕಡೆ ಹೊರಡುವನು. ನೋಡಿದವರು ಪ್ರಯಾಣಿಕರೆಂದು ನಂಬಲಿ ಎಂದು ಹಿಂದಿನ ಸೀಟಿನಲ್ಲಿ ಎರಡು ಖಾಲಿ ಸೂಟ್‌ಕೇಸು ಇಡುವನು. ಮುಂದೆ ಹೆಂಡತಿಯನ್ನು ಕೂರಿಸುವನು. ಗಡಿಯಾಚೆ ಒಂದು ಚಹಾ ಕುಡಿದು ಹಿಂತಿರುಗುವನು. ಸಾಲಿನಲ್ಲಿ ಇನ್ನೊಂದು ದಿನ ನಿಲ್ಲಲಾರದವನು ಹೀಗೆ ವರ್ಷಗಟ್ಟಲೆ ಅಲೆದ.

ಹೆಂಡತಿಗೆ ಆ ಊರು ಹಿಡಿಸಿತ್ತು. ಅಲ್ಲಿನ ಮಾತು ಕಲಿತಿದ್ದಳು. ಅಲ್ಲೇ ಸ್ವಂತದ್ದೊಂದು ಮನೆಯಾಗಲಿ, ಹಿತ್ತಲಲ್ಲಿ ಒಂದು ನುಗ್ಗೆ ಗಿಡ ನೆಡೋಣ ಎಂಬ ಆಸೆ ಅವಳಿಗೆ. ಮನೆ ಕೊಂಡರೆ ನೆಲೆಸಿದ್ದು ಗೊತ್ತಾಗುತ್ತದೆ ಎಂದು ಗಂಡ ಬೇಡವೆನ್ನುತ್ತಿದ್ದ. ಒಮ್ಮೆ ಮತದಾರರ ಪಟ್ಟಿಗೆ ಹೆಸರು ಬರೆದುಕೊಳ್ಳುವವರು ಬಾಗಿಲಿಗೆ ಬಂದರು. ನಾವು ಈ ಮನೆಗೆ ಬಂದ ನೆಂಟರು ಎಂದು ಹೇಳಿ ವರ್ತಕ ಅವರನ್ನು ಸಾಗಹಾಕಿದ. ಹೆಂಡತಿ ಅವರಿಗೆಂದು ತಂದ ನೀರಿನ ಲೋಟ ಹಿಡಿದು ಒಳಗೇ ನಿಂತಳು. ಅವಳಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ಒಮ್ಮೆ ಗಡಿಗೆ ಹೋಗಿ ಬಂದ ಮರುದಿನ ಮಧ್ಯಾಹ್ನ, ಸೂಟ್‌ಕೇಸುಗಳನ್ನು ಇನ್ನೂ ಇಳಿಸದೆ ಹೆಂಡತಿಯೊಡನೆ ಹೊರಟಾಗ, ಊರ ಬಾಗಿಲಲ್ಲೇ ಪೊಲೀಸರು ಕಾರು ತಡೆದರು. ಯಾವಾಗ ಬಂದಿರಿ ಎಂದು ಕೇಳಿದರು.

"ನಿನ್ನೆ ಬಂದ್ವಿ ಸಾರ್" ಎಂದು ವರ್ತಕ ಚೀಟಿ ತೋರಿಸಿದ.

ಪೊಲೀಸಿನವನು ಬಗ್ಗಿ ನೋಡಿದ. "ಹೌದೇನಮ್ಮಾ?" ಎಂದ.

ಅವಳಿಗೆ ಸಾಕಾಗಿತ್ತು. "ನಾನು ಬಂದು ಒಂಬತ್ತು ವರ್ಷ ಆಯ್ತು. ಇವರು ನಿನ್ನೆ ಬಂದರು" ಎಂದಳು.

ಹಾಗೆಂದವಳು ಕಾರಿನಿಂದ ಇಳಿದು ನಡೆದಳು. ಆ ದಾರಿಯಲ್ಲಿ ಬಂದ ಆಟೋದವನು ಗುರುತು ಹಿಡಿದು ನಿಲ್ಲಿಸಿದ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಕಾರನ್ನು ಪೊಲೀಸರು ಒಯ್ದರು. ವರ್ತಕ ಖಾಲಿ ಸೂಟ್‌ಕೇಸುಗಳ ಜೊತೆ ರಸ್ತೆ ಬದಿಯಲ್ಲಿ ಉಳಿದ.

ಗುರುಗಳು ಕತೆ ನಿಲ್ಲಿಸಿದರು.

"ಅವಳು ಸುಮ್ಮನಿದ್ದಿದ್ದರೆ ಕಾರು ಉಳಿಯುತ್ತಿತ್ತಲ್ಲ?" ಎಂದು ಶಿಷ್ಯ ಕೇಳಿದ.

"ಉಳಿಯುತ್ತಿತ್ತು. ಅದಿರಲಿ, ನೀನು ಮಠಕ್ಕೆ ಬರುವುದು ಯಾವಾಗ?"